ಐದು ಸ್ವರಗಳ ಮಾಸ್ತರರು

ಹೋದ ತಿಂಗಳು ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫ್ಲೆಕ್ಸಿನ ಚಿತ್ರ ಬಂತು. ನಮ್ಮ ಇಂಗ್ಲಿಷ್ ಮಾಸ್ತರರು ತೀರಿಕೊಂಡಿದ್ದರು. ಅವರ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ‘ಧಾರವಾಡದ ಇಂಗ್ಲಿಷ್ ಸಾಗರ ಬತ್ತಿತು’ ಎಂದಿತ್ತು. ಆ ಸಾಗರದಲ್ಲಿ ನಾನು ಮೂರು ವರ್ಷ ನಿಂತಿದ್ದೇನೆ. ಮೊಣಕಾಲು ಮುಳುಗುವಷ್ಟು ನೀರೂ ಅಲ್ಲಿರಲಿಲ್ಲ.

ಗುಂಪು ನಡೆಸುವವನು ಫೋನ್ ಮಾಡಿ, ನುಡಿನಮನದ ಸಭೆಯಲ್ಲಿ ನಾನು ಮಾತಾಡಲೇಬೇಕು ಎಂದ. ಅವರ ಕೈಯಲ್ಲಿ ಕಲಿತವರಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು ನಾನೊಬ್ಬಳೇ ಅಂತೆ. ಮಾಸ್ತರರಿಗೆ ಮೆಚ್ಚುಗೆಯಾಗುವಂಥ ಉದ್ದನೆಯ ಶಬ್ದಗಳನ್ನು ಭಾಷಣದಲ್ಲಿ ಸೇರಿಸಲು ಮರೆಯಬೇಡಿ ಎಂದೂ ಹೇಳಿದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಭಾಷಣದ ಬದಲು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರ ಹೆಂಡತಿ ಇದ್ದಾರೆ, ಒಳ್ಳೆಯ ಹೆಂಗಸು, ಹೋದಾಗಲೆಲ್ಲ ನನ್ನ ಕೈಗೆ ಅವಲಕ್ಕಿಯ ತಾಟು ಕೊಟ್ಟಿದ್ದಾರೆ.

ಮಾಸ್ತರರು ಧಾರವಾಡದ ಮಾಳಮಡ್ಡಿಯವರು. ಅಜ್ಜನ ಕಾಲದಿಂದ ಮಾಸ್ತರಿಕೆ ಮಾಡಿಕೊಂಡು ಬಂದ ಮನೆತನ. ಕುತ್ತಿಗೆಯ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಖಾಕಿ ಹೊದಿಕೆಯ ಒಂದು ಉದ್ದ ವಹಿ. ಯಾರಾದರೂ ಎದುರಿಗೆ ನಿಂತು ಮಾತಾಡುವಾಗ ಅವರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಿತ್ತು. ಹೊಸಬರು ಜಪ ಎಂದುಕೊಂಡು ದನಿ ತಗ್ಗಿಸುತ್ತಿದ್ದರು. ಅದು ಜಪವಲ್ಲ. ಎದುರಿನವನ ಬಾಯಿಂದ ಬಂದ ಯಾವುದೋ ಇಂಗ್ಲಿಷ್ ಶಬ್ದದ ಅಕ್ಷರಗಳನ್ನು ಅವರು ಎಣಿಸುತ್ತಿದ್ದರು. ಎಣಿಸಿ ಮುಗಿದ ಮೇಲೆ ‘ಹಾಂ, ಏನಂದಿ?’ ಎಂದು ಕೇಳುವುದು ರೂಢಿ.

ಇಂಗ್ಲಿಷಿಗೆ ಐದು ಸ್ವರ: ಎ, ಇ, ಐ, ಓ, ಯು. ಈ ಐದೂ ಒಂದೊಂದೇ ಸಲ ಬರುವ ಶಬ್ದಗಳನ್ನು ಹುಡುಕಿ ಆ ವಹಿಯಲ್ಲಿ ಬರೆಯುವುದು ಅವರ ಜೀವಮಾನದ ಕೆಲಸ. ಪ್ರತಿ ಸೋಮವಾರ ಪಾಠ ಬಿಟ್ಟು ಬೋರ್ಡಿನ ತುಂಬ ಅವನ್ನೇ ಬರೆಯುತ್ತಿದ್ದರು. ಎಜುಕೇಶನ್, ಅದರಲ್ಲಿ ಐದೂ ಇವೆ. ರೆಪ್ಯುಟೇಶನ್, ಅದರಲ್ಲೂ ಇವೆ. ಕಾಲಿಫ್ಲವರ್‌ನಲ್ಲಿ ಕೂಡ ಇವೆ. ಆ ದಿನ ಮನೆಗೆ ಹೋಗಿ ಅಮ್ಮಿ ಹೆಚ್ಚುತ್ತಿದ್ದ ಹೂಕೋಸನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ನೆನಪಿದೆ. ಸುಳ್ಳು ಹೇಳುವುದಿಲ್ಲ, ನನಗೆ ಆ ಆಟ ಸೇರುತ್ತಿತ್ತು. ಅಪರೂಪದ ಕೆಲವು ಶಬ್ದಗಳಲ್ಲಿ ಸ್ವರಗಳು ವರ್ಣಮಾಲೆಯ ಕ್ರಮದಲ್ಲೇ ಸಾಲಾಗಿ ಬರುತ್ತವೆ, ‘ಫೆಸೀಶಸ್’ ಹಾಗೆ. ಇನ್ನು ಕೆಲವದರಲ್ಲಿ ತಿರುಗಾಮುರುಗಾ, ಯು ಮೊದಲು, ಎ ಕೊನೆಗೆ: ‘ಅನ್‌ಕಾಂಪ್ಲಿಮೆಂಟರಿ’. ಇವೆರಡನ್ನು ಅವರು ಕೆಂಪು ಪೆನ್ನಿನಿಂದ ಬರೆದುಕೊಂಡಿದ್ದರು.

ಅಕ್ಷರ ಎಣಿಸುವುದರಲ್ಲಿ ಅವರು ಎಂದೂ ತಪ್ಪಲಿಲ್ಲ. ಅರ್ಥದ ಗೊಡವೆಗೆ ಮಾತ್ರ ಹೋಗುತ್ತಿರಲಿಲ್ಲ. ಡಿಕ್ಷನರಿ ತೆಗೆಯುವುದು ಹುಡುಗರ ಕೆಲಸ, ಮಾಸ್ತರನಾದವನು ಶಬ್ದದ ಮುಖ ನೋಡಿ ಅರ್ಥ ಹೇಳಬೇಕು ಅನ್ನುತ್ತಿದ್ದರು. ಹಾಗೆ ಮುಖ ನೋಡಿಯೇ ಹೇಳುತ್ತಿದ್ದರು. ಫೆಸೀಶಸ್‌ನಲ್ಲಿ ‘ಫೇಸ್’ ಕಾಣುತ್ತದೆ, ಆದ್ದರಿಂದ ಅದರ ಅರ್ಥ ಮುಖಾಮುಖಿ. ಕಾಂಪ್ಲಿಮೆಂಟರಿ ಎಂದರೆ ಪುಕ್ಕಟೆ, ಆದ್ದರಿಂದ ಅನ್‌ಕಾಂಪ್ಲಿಮೆಂಟರಿ ಎಂದರೆ ಪುಕ್ಕಟೆ ಅಲ್ಲದ್ದು. ನಾವು ನಲವತ್ತು ಜನ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆವು.

ನಮ್ಮ ಹೆಸರುಗಳನ್ನೂ ಅವರು ಹಾಗೆಯೇ ತೂಗಿದ್ದರು. ಮೊದಲ ದಿನ ನಾನು ಎದ್ದು ಶಾಹೀನ್ ಎಂದು ಹೇಳಿದಾಗ ಬೆರಳು ಓಡಿಸಿ, “ಎರಡ ಸ್ವರ, ಅದರಾಗ ಒಂದು ಎರಡು ಸರ್ತಿ. ವೇಸ್ಟ್. ಕೂಡು,” ಎಂದರು. ಮುಂದಿನ ಮೂರು ವರ್ಷ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ರೇಣುಕಾಳ ಸಂಗತಿ ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗುವುದಿಲ್ಲ. ಅವಳು ಅಮ್ಮಿನಬಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಎಂಟನೆಯ ಇಯತ್ತೆಯಲ್ಲಿ ಒಂದು ವಾರ ಬರಲಿಲ್ಲ. ಅವಳ ಅಪ್ಪ ರಜೆಯ ಚೀಟಿ ಹಿಡಿದುಕೊಂಡು ಕ್ಲಾಸಿನ ಬಾಗಿಲಿಗೆ ಬಂದ. ಮಗಳಿಗೆ ನ್ಯುಮೋನಿಯಾ ಆಗಿದೆ, ಸಿವಿಲ್ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದಾರೆ ಎಂದು ಚೀಟಿಯಲ್ಲಿತ್ತು. ಮಾಸ್ತರರು ಅದನ್ನು ಓದಿದರು. ಹೆಬ್ಬೆರಳು ಓಡಿತು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. ತಿರುಗಿ ಬೋರ್ಡಿನ ಮೇಲೆ ಆ ಶಬ್ದ ಬರೆದು, ಸ್ವರ ಎಷ್ಟು ಎಣಿಸಿರಿ ಅಂದರು. ಇಡೀ ಕ್ಲಾಸು ಐದು ಎಂದು ಕೂಗಿತು. ಆ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಹುಡುಗಿ ಹೇಗಿದ್ದಾಳೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಐದು ಎಂದು ಕೂಗಿದವರಲ್ಲಿ ನಾನೂ ಇದ್ದೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ಅಬ್ಬಾ ಸ್ಕೂಟರ್, ಮೋಟರ್‌ಸೈಕಲ್ ರಿಪೇರಿ ಮಾಡುತ್ತಿದ್ದರು. ಧಾರವಾಡದಲ್ಲಿ ರಸ್ತೆಯ ಬದಿಗೆ ಒಂದು ತಗಡಿನ ಡಬ್ಬಿ ಅಂಗಡಿ, ಮುಂದೆ ಬೇವಿನ ಮರ, ಮರದ ಕೆಳಗೆ ಗ್ಯಾರೇಜು. ಮಾಸ್ತರರ ಸ್ಕೂಟರ್ ಕೆಟ್ಟರೆ ಅಲ್ಲಿಗೇ ಬರುತ್ತಿತ್ತು. ಅಬ್ಬಾ ಎರಡನೆಯ ಇಯತ್ತೆ ದಾಟದವರು. ಮಗಳಿಗೆ ಇಂಗ್ಲಿಷ್ ಕಲಿಸುವ ಮನುಷ್ಯ ಬಂದರೆ ಎಣ್ಣೆಗೈ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ರಸ್ತೆ ಅಗಲ ಮಾಡುವ ಕೆಲಸ ಬಂತು. ರಸ್ತೆ ಬದಿಯ ಅಂಗಡಿಗಳನ್ನೆಲ್ಲ ತೆಗೆಯುತ್ತಾರೆ, ಆದರೆ ಎಷ್ಟು ವರ್ಷದಿಂದ ಯಾವ ಧಂದೆ ಮಾಡುತ್ತಿದ್ದೀರಿ ಎಂದು ಅರ್ಜಿ ಕೊಟ್ಟವರಿಗೆ ಹಿಂದಿನ ಬಯಲಿನಲ್ಲಿ ಜಾಗ ಕೊಡುತ್ತಾರೆ ಎಂದು ಗೊತ್ತಾಯಿತು. ಕೊನೆಯ ದಿನ ಮುಂದಿನ ಶನಿವಾರ. ಪಕ್ಕದ ಪಂಕ್ಚರಿನವನು ಕನ್ನಡದಲ್ಲಿ ನಾಲ್ಕು ಸಾಲು ಗೀಚಿಸಿ ಕೊಟ್ಟು ಬಂದ. ಅಬ್ಬಾಗೆ ಅದು ಸಾಲಲಿಲ್ಲ. ದೊಡ್ಡ ಸಾಹೇಬರು ಓದುವ ಕಾಗದ ದೊಡ್ಡವರ ಕೈಯಿಂದಲೇ ಬರೆದದ್ದಾಗಿರಬೇಕು ಎಂದು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಮಾಳಮಡ್ಡಿಗೆ ನಡೆದರು.

ಮಾಸ್ತರರು ಒಂದೂವರೆ ತಾಸು ಕೂತು ಬರೆದರು. ಅಬ್ಬಾನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಎಷ್ಟು ವರ್ಷದ ಅಂಗಡಿ, ಏನು ಕೆಲಸ, ಮನೆಯಲ್ಲಿ ಎಷ್ಟು ಜನ, ಯಾವುದೂ ಬೇಕಾಗಲಿಲ್ಲ. ವಹಿ ತಿರುವುತ್ತಿದ್ದರು, ಬರೆಯುತ್ತಿದ್ದರು, ತಮಗೆ ತಾವೇ ತಲೆದೂಗುತ್ತಿದ್ದರು. ಅಬ್ಬಾ ಚಾಪೆಯ ತುದಿಯಲ್ಲಿ ಕೂತು ಆ ಪೆನ್ನು ಓಡುವುದನ್ನೇ ನೋಡುತ್ತಿದ್ದರು. ಮುಗಿಸಿದ ಮೇಲೆ ಮಾಸ್ತರರು ಕಾಗದ ಕೊಟ್ಟು, “ಇಂಥಾ ಅರ್ಜಿ ಆ ಆಫೀಸಿನವರು ಹುಟ್ಟಿದಾಗಿಂದ ಕಂಡಿರೂದಿಲ್ಲ,” ಎಂದರು. ಅದೊಂದು ಮಾತು ಮಾತ್ರ ಖರೆಯಾಯಿತು.

ಸೋಮವಾರ ಅಬ್ಬಾ ಶಾಲೆಗೆ ರಜೆ ಹಾಕಿಸಿ ನನ್ನನ್ನೂ ಕಚೇರಿಗೆ ಕರೆದುಕೊಂಡು ಹೋದರು. ಅರ್ಜಿ ತೆಗೆದುಕೊಳ್ಳುವ ಕ್ಲಾರ್ಕು ಮೊದಲ ಸಾಲು ಓದಿ ತಲೆ ಎತ್ತಿ ಅಬ್ಬಾನನ್ನು ನೋಡಿದ. ಆಮೇಲೆ ದೊಡ್ಡ ದನಿಯಲ್ಲಿ ಓದತೊಡಗಿದ. ಅಕ್ಕಪಕ್ಕದ ಟೇಬಲ್ಲಿನವರು ಕೆಲಸ ಬಿಟ್ಟು ಕೇಳಿದರು. ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಕೊನೆಗೆ ಎಲ್ಲರೂ ನಕ್ಕರು. ಅಬ್ಬಾ ಅವರೆಲ್ಲರ ಮುಖ ಒಂದೊಂದಾಗಿ ನೋಡಿದರು. ನೋಡಿ, ತಾವೂ ನಕ್ಕರು.

ಆ ನಗು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಒಳಗಿದ್ದ ಅಧಿಕಾರಿ ಮೇಡಂ ಗದ್ದಲ ಕೇಳಿ ಹೊರಗೆ ಬಂದರು. ಕಾಗದ ತಾವೇ ಇಸಿದುಕೊಂಡು ಓದಿದರು. ಅವರು ನಗಲಿಲ್ಲ. ಇದರಲ್ಲಿ ನೀವು ಏನು ಕೇಳಿದ್ದೀರಿ ಅನ್ನುವುದೇ ಇಲ್ಲ, ಶನಿವಾರದ ಒಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿಕೊಂಡು ಬನ್ನಿ, ಸಾಕು, ಎಂದು ಹೇಳಿ ಕಾಗದ ವಾಪಸು ಕೊಟ್ಟರು. ಹೊರಗೆ ಬಂದು ಬೇಲಿಯ ಹತ್ತಿರ ನಿಂತಾಗ ಅಬ್ಬಾ ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡು, “ನೀನ ಬರಿ ಬೇಟಿ, ಕನ್ನಡದಾಗ,” ಎಂದರು.

ಮರುದಿನ ನಾನು ಶಾಲೆಯ ಗ್ರಂಥಾಲಯದ ಡಿಕ್ಷನರಿ ತೆಗೆದು ನೋಡಿದೆ. ಫೆಸೀಶಸ್ ಎಂದರೆ ಮುಖಾಮುಖಿ ಅಲ್ಲ. ಗಂಭೀರವಾಗಿ ಆಡಬೇಕಾದ ಮಾತಿನಲ್ಲಿ ಸಲ್ಲದ ತಮಾಷೆ ಮಾಡುವುದು. ಅನ್‌ಕಾಂಪ್ಲಿಮೆಂಟರಿ ಎಂದರೆ ಹೀಯಾಳಿಸುವಂಥದ್ದು. ಮುಖಾಮುಖಿ ಮಾತಿಗೆ, ಪುಕ್ಕಟೆ ಅಲ್ಲದ ಜಾಗಕ್ಕೆ ಎಂದುಕೊಂಡು ಮಾಸ್ತರರು ಅರ್ಜಿಯಲ್ಲಿ ಈ ಎರಡು ಶಬ್ದಗಳನ್ನೇ ಹಾಕಿದ್ದರು. ಅಂದರೆ ಅಬ್ಬಾ ಆ ಕಚೇರಿಗೆ ಹೋಗಿ, ತಮ್ಮ ಜೊತೆ ತಮಾಷೆಯಾಗಿ ಮಾತಾಡಬೇಕೆಂದೂ ತಮ್ಮನ್ನು ಹೀಯಾಳಿಸುವಂಥ ಒಂದು ಜಾಗ ಕೊಡಬೇಕೆಂದೂ ಕೈಮುಗಿದು ಕೇಳಿಕೊಂಡಿದ್ದರು. ಅವರು ಕೇಳಿದ್ದು ಅಲ್ಲಿಯೇ ಸಿಕ್ಕಿತ್ತು.

ಅವತ್ತೇ ಕೊನೆಯ ಪಿರಿಯಡ್ಡಿನಲ್ಲಿ ನಾನು ಎದ್ದು ನಿಂತೆ. ಸರ್, ಡಿಕ್ಷನರಿಯಲ್ಲಿ ಫೆಸೀಶಸ್‌ಗೆ ಬೇರೆ ಅರ್ಥ ಕೊಟ್ಟಿದ್ದಾರೆ ಎಂದು ಓದಿ ಹೇಳಿದೆ. ಅಬ್ಬಾನ ಅರ್ಜಿಯ ಮಾತು ತೆಗೆಯಲಿಲ್ಲ. ಮಾಸ್ತರರು ವಹಿ ಮುಚ್ಚಿದರು. “ಗ್ಯಾರೇಜಿನ್ಯಾಗ ಬೆಳದವರಿಗೆ ನಟ್ಟು ಬೋಲ್ಟು ತಿರುವೂದ ಸಾಕು, ಶಬ್ದ ತಿರುವಬ್ಯಾಡ್ರಿ,” ಎಂದು ಹೇಳಿ ನನ್ನನ್ನು ಹೊರಗೆ ನಿಲ್ಲಿಸಿದರು. ಗಂಟೆ ಹೊಡೆಯುವ ತನಕ ಹೊರಗಿನ ಕಟ್ಟೆಗೆ ಆತು ನಿಂತಿದ್ದೆ. ಇದನ್ನು ಮನೆಯಲ್ಲಿ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಕನ್ನಡದ ಅರ್ಜಿ ಬರೆದು ಅಬ್ಬಾನ ಮುಂದೆ ಇಟ್ಟೆ. ಐದು ಸಾಲು: ಹೆಸರು, ಅಂಗಡಿ ಇರುವ ಜಾಗ, ಹದಿನೆಂಟು ವರ್ಷದಿಂದ ಮಾಡುತ್ತಿರುವ ಕೆಲಸ, ಮನೆಯ ಜನ, ಕೇಳಿಕೆ. ಅಬ್ಬಾ ಅದನ್ನು ಕೈಗೆ ತೆಗೆದುಕೊಂಡರು, ಬಹಳ ಹೊತ್ತು ಹಿಡಿದುಕೊಂಡರು, ಸಹಿ ಹಾಕಲಿಲ್ಲ. ಸರ್ ಬರೆದದ್ದನ್ನೇ ಕೊಡುತ್ತೇನೆ ಅಂದರು. ನಾನು ಅತ್ತೆ, ಅರ್ಥ ಬಿಡಿಸಿ ಹೇಳಿದೆ, ಅವರೆಲ್ಲ ನಿಮ್ಮನ್ನು ನೋಡಿಯೇ ನಕ್ಕದ್ದು ಎಂದು ಹೇಳಲು ಬಾಯಿ ತೆರೆದು ನಿಲ್ಲಿಸಿದೆ. “ಸರ್‌ಗಿಂತ ನೀ ಶಾಣ್ಯಾಕಿ ಆದೇನು?” ಎಂದು ಕೇಳಿ ಅಬ್ಬಾ ಎದ್ದು ಹೋದರು.

ಶನಿವಾರ ಆ ಇಂಗ್ಲಿಷ್ ಕಾಗದವನ್ನೇ ಕೊಟ್ಟು ಬಂದರು. ತಿಂಗಳ ಮೇಲೆ ಕಚೇರಿಯ ಗೋಡೆಗೆ ಜಾಗ ಸಿಕ್ಕವರ ಪಟ್ಟಿ ಹಚ್ಚಿದರು. ಪಂಕ್ಚರಿನವನ ಹೆಸರಿತ್ತು, ಚಹಾದ ಗಾಡಿಯವಳ ಹೆಸರಿತ್ತು, ಅಬ್ಬಾನದು ಇರಲಿಲ್ಲ. ಜೆಸಿಬಿ ಬಂದ ದಿನ ಅಬ್ಬಾ ನಟ್ಟು ತಿರುವುವ ಪಾನಾಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಮನೆಗೆ ಬಂದರು. ಬೇವಿನ ಮರವನ್ನೂ ಕಡಿದರು. ಆಮೇಲೆ ಹನ್ನೊಂದು ವರ್ಷ ದಿನಾ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಒಂದು ಕಾಲದಲ್ಲಿ ತಾವೇ ಪಾನಾ ಹಿಡಿಯಲು ಕಲಿಸಿದವನ ಗ್ಯಾರೇಜಿನಲ್ಲಿ ಅವನು ಹೇಳಿದ ಕೆಲಸ ಮಾಡಿದರು.

ಮಾಸ್ತರರು ಹತ್ತನೆಯ ಇಯತ್ತೆಗೆ ನಮ್ಮ ಕ್ಲಾಸ್ ಟೀಚರಾದರು. ನಾನು ಬಾಯಿ ಮುಚ್ಚಿಕೊಂಡು ಓದಿದೆ. ಇಂಗ್ಲಿಷಿನಲ್ಲಿ ಶಾಲೆಗೇ ಹೆಚ್ಚು ಅಂಕ ಬಂದವು. ಅವರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಬ್ಬಾ ಆ ದಿನವೂ ಅವರಿಗೆ ಕೈಮುಗಿದರು. ಮಾಸ್ತರರ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧದಷ್ಟು ಆ ಮುಗಿದ ಕೈಗಳ ಮೇಲೂ ನನಗಿತ್ತು. ಇಷ್ಟು ಮೆತ್ತಗಿನ ಮನುಷ್ಯನ ಹೊಟ್ಟೆಯಲ್ಲಿ ಯಾಕೆ ಹುಟ್ಟಿದೆ ಎಂದು ಎಷ್ಟೋ ದಿನ ಅಂದುಕೊಂಡಿದ್ದೇನೆ.

ನಿವೃತ್ತಿಯ ನಂತರ ಅವರ ಕೀರ್ತಿ ಇನ್ನೂ ಬೆಳೆಯಿತು. ಆ ವಹಿ ಹಿಡಿದುಕೊಂಡು ಶಾಲೆ, ಕಾಲೇಜು, ಮಹಿಳಾ ಮಂಡಳ ಎಂದು ಸುತ್ತತೊಡಗಿದರು. ಎಲ್ಲಿ ಹೋದರೂ ಶಾಲು, ಹಾರ. ಉದ್ದನೆಯ ಶಬ್ದ ಕೇಳಿದರೆ ನಮ್ಮ ಜನಕ್ಕೆ ಎದ್ದು ನಿಲ್ಲುವ ಚಟ, ಅರ್ಥ ಕೇಳಲು ಸಂಕೋಚ. ನಾಲ್ಕು ವರ್ಷದ ಹಿಂದೆ ನಮ್ಮ ಕಾಲೇಜಿಗೂ ಬಂದರು. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ನನ್ನನ್ನು ಗುರುತು ಹಿಡಿದರು. ದೊಡ್ಡ ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು: “ಆ ಫೆಸೀಶಸ್‌ದು ನೀ ಹೇಳಿದ್ದ ಬರೋಬ್ಬರಿ ಇತ್ತು ನೋಡು. ಅವತ್ತ ಸಾಲಿ ಬಿಟ್ಟ ಕೂಡ್ಲೆ ದೊಡ್ಡ ಡಿಕ್ಷನರಿ ತಗದು ನೋಡಿದೆ. ವಹಿ ಒಳಗ ತಿದ್ದಿಕೊಂಡೆ. ತಪ್ಪು ತಿದ್ದಿಕೊಳ್ಳೂದಕ್ಕ ನಾ ಎಂದೂ ನಾಚಿಲ್ಲ.”

ನಾನು ಕಪ್ಪು ಕೆಳಗಿಟ್ಟೆ. ಅವರು ಆ ಡಿಕ್ಷನರಿ ನೋಡಿದ ದಿನ ಮಂಗಳವಾರ. ಶನಿವಾರಕ್ಕೆ ಇನ್ನೂ ನಾಲ್ಕು ದಿನವಿದ್ದವು.

“ಅಬ್ಬಾಗೂ ಹೇಳಬೇಕಿತ್ತಲ್ರಿ ಸರ್,” ಎಂದೆ.

“ಅಂವಗ ಹೇಳಿ ಏನ್ ಮಾಡ್ತಿ? ಅಂವಗ ಎರಡೂ ಅರ್ಥ ಒಂದ,” ಎಂದರು ಮಾಸ್ತರರು. ಎಂದು, ಚಹಾ ಹೀರಿ, ಇತ್ತೀಚೆಗೆ ಸಿಕ್ಕ ಹೊಸ ಶಬ್ದವೊಂದನ್ನು ನನಗೆ ಹೇಳಿದರು. ಯಾವುದೆಂದು ನಾನು ನೆನಪಿಟ್ಟುಕೊಂಡಿಲ್ಲ.

ಇದನ್ನೂ ನಾನು ಅಬ್ಬಾಗೆ ಹೇಳಲಿಲ್ಲ. ಅವರಿಗೆ ಈಗ ಎಪ್ಪತ್ತಾಗಿದೆ, ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಯಲ್ಲಿ ನನ್ನ ಜೊತೆಗೇ ಇದ್ದಾರೆ. ಮೊಮ್ಮಗಳ ಸೈಕಲ್ಲಿಗೆ ಎಣ್ಣೆ ಹಾಕುವುದೊಂದೇ ಕೆಲಸ. ಮಾಸ್ತರರು ತೀರಿಕೊಂಡ ಸುದ್ದಿ ಹೇಳಿದಾಗ, ಸಭೆಗೆ ನಾನೂ ಬರುತ್ತೇನೆ ಎಂದರು. ನನಗೆ ರೇಗಿತು. ಅವರಿಗಾಗಿ ನೀವು ಇಷ್ಟು ದೂರ ಬರುವ ಅಗತ್ಯವಿಲ್ಲ ಎಂದೆ. ಸಭೆಯ ದಿನ ನಾನು ಹೊರಡುವ ಹೊತ್ತಿಗೆ ಅಬ್ಬಾ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

ಧಾರವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಉಣಕಲ್ಲು ದಾಟಿದ ಮೇಲೆ ನನ್ನ ಕಡೆ ವಾಲಿದರು. ನಮ್ಮ ಮನೆಯ ಮಾತು ಉರ್ದು, ಆದರೆ ಗ್ಯಾರೇಜಿನ ದಿನಗಳ ಸುದ್ದಿ ತೆಗೆದರೆ ಅಬ್ಬಾ ಗ್ಯಾರೇಜಿನ ಕನ್ನಡಕ್ಕೇ ಹೊರಳುತ್ತಾರೆ.

“ನಿನ್ನ ಕ್ಲಾಸಿನಿಂದ ಹೊರಗ ಹಾಕಿದ್ರಲ್ಲ, ಅವತ್ತ ಸಂಜೀ ಸರ್ ಗ್ಯಾರೇಜಿಗೆ ಬಂದಿದ್ರು,” ಎಂದರು.

ನಾನು ಅವರ ಕಡೆ ತಿರುಗಿದೆ. ಹೊರಗೆ ಹಾಕಿದ ಮಾತು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ.

“ಅವರ ಹೇಳಿದ್ರು. ನಿಮ್ಮ ಹುಡುಗಿಗೆ ಸೊಕ್ಕು ಬಂದೈತಿ ಅಂದ್ರು. ನಾ ಬರದ ಅರ್ಜಿ ಬದಲಿ ಮಾಡಿದ್ರ ಊರಾಗ ನನ್ನ ಮರ್ಯಾದಿ ಏನು ಉಳೀತು ಅಂದ್ರು. ಮುಂದಿನ ವರ್ಷ ಆಕಿ ಹತ್ತನೇತ್ತಾ, ನಾನ ಕ್ಲಾಸ್ ಟೀಚರ್, ಇಷ್ಟ ನೆನಪಿಟ್ಕೋ ಅಂದ್ರು.”

ಹಾಗಾದರೆ ನನ್ನ ಅರ್ಜಿಯನ್ನು ಗುಟ್ಟಾಗಿ ಕೊಟ್ಟುಬಿಡಬಹುದಿತ್ತಲ್ಲ ಎಂದು ನಾನು ಕೇಳಿದೆ. ಆ ಕ್ಲಾರ್ಕು ಮಾಸ್ತರರ ಕೈಯಲ್ಲೇ ಕಲಿತವನು, ಸಂಜೆಯ ಒಳಗೆ ಸುದ್ದಿ ಮುಟ್ಟುತ್ತಿತ್ತು ಎಂದರು ಅಬ್ಬಾ. ಆಮೇಲೆ ಕಚೇರಿಯ ಆ ನಗುವಿನ ಮಾತು ತೆಗೆದು, “ಅವರು ಯಾಕ ನಗಾಕತ್ಯಾರ ಅಂತ ನನಗ ಅವತ್ತ ತಿಳದಿತ್ತು. ನೀ ಬಾಜೂಕ ನಿಂತಿದ್ದಿ. ನಾನೂ ನಗಲಿಲ್ಲಂದ್ರ ನೀ ಅಳತಿದ್ದಿ,” ಎಂದರು.

ಬಸ್ಸು ನವಲೂರಿನ ಹತ್ತಿರ ನಿಂತಿತು, ಜನ ಹತ್ತಿದರು, ಇಳಿದರು. ಮಂಗಳವಾರ ಸಂಜೆ ಶಾಲೆ ಬಿಟ್ಟ ಕೂಡಲೆ ಅವರು ಡಿಕ್ಷನರಿ ನೋಡಿದ್ದರು. ತಮ್ಮ ತಪ್ಪು ಗೊತ್ತಾದ ಮೇಲೆಯೇ ಗ್ಯಾರೇಜಿಗೆ ನಡೆದು ಹೋಗಿದ್ದರು. ಬೇವಿನ ಮರದ ಕೆಳಗೆ ನಿಂತು ಅಬ್ಬಾಗೆ ಹೇಳಲು ಅವರ ಹತ್ತಿರ ಎರಡು ಮಾತುಗಳಿದ್ದವು. ಅರ್ಜಿಯಲ್ಲಿ ತಪ್ಪಾಗಿದೆ ಅನ್ನುವುದು ಒಂದು, ಈ ಬೆದರಿಕೆ ಇನ್ನೊಂದು. ಬೆದರಿಕೆಯನ್ನು ಆರಿಸಿಕೊಂಡಿದ್ದರು.

ಇಷ್ಟು ವರ್ಷ ನಾನು ಅವರನ್ನು ದಡ್ಡ ಎಂದುಕೊಂಡಿದ್ದೆ. ಅದು ಅವರಿಗೆ ನಾನು ತೋರಿಸಿದ ದಯೆಯಾಗಿತ್ತು.

ಸಭೆ ಶಾಲೆಯ ಹಾಲಿನಲ್ಲೇ ಇತ್ತು. ಬಾಗಿಲಲ್ಲೇ ಎದುರಾದ ಗುಂಪು ನಡೆಸುವವನಿಗೆ ನಾನು ಮಾತಾಡುವುದಿಲ್ಲ ಎಂದು ಹೇಳಿದೆ. ಅವನು ಗಂಟಲು ಕಟ್ಟಿದೆಯೇನ್ರಿ ಎಂದು ಕೇಳಿದ. ಇಲ್ಲ ಎಂದೆ. ಅಬ್ಬಾ ಮಾಸ್ತರರ ಹೆಂಡತಿಯ ಹತ್ತಿರ ಹೋಗಿ, ಎದೆಯ ಮೇಲೆ ಕೈ ಇಟ್ಟು, ಎರಡು ಮಾತು ಹೇಳಿ ಬಂದರು. ಅವರು ಸಭೆಗೆ ಬಂದದ್ದು ಆ ಹೆಂಗಸಿಗಾಗಿ ಎಂದು ನನಗೆ ಆಗ ಗೊತ್ತಾಯಿತು. ಮಾಸ್ತರರ ಫೋಟೋದ ಕಡೆ ಅಬ್ಬಾ ತಿರುಗಿಯೂ ನೋಡಲಿಲ್ಲ. ನಾವಿಬ್ಬರೂ ಹಿಂದಿನ ಸಾಲಿನ ಬೆಂಚಿನಲ್ಲಿ ಕೂತೆವು.

ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಒಬ್ಬ ವಕೀಲ ಅವರನ್ನು ನಡೆದಾಡುವ ಡಿಕ್ಷನರಿ ಎಂದು ಕರೆದ. ಬ್ಯಾಂಕಿನ ಮ್ಯಾನೇಜರ್ ಒಬ್ಬ ಅವರು ಕಲಿಸಿದ ಹತ್ತು ಶಬ್ದಗಳನ್ನು ಒಂದೇ ಉಸಿರಿನಲ್ಲಿ ಹೇಳಿದ. ಅವುಗಳ ಅರ್ಥವನ್ನು ಹೇಳಲು ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ. ಕೊನೆಗೆ ಎರಡು ನಿಮಿಷ ಮೌನ ಆಚರಿಸಲು ಎಲ್ಲರೂ ಏಳಬೇಕೆಂದು ಮೈಕಿನಲ್ಲಿ ಹೇಳಿದರು. ಬೆಂಚುಗಳು ಸದ್ದು ಮಾಡಿದವು. ಇಡೀ ಹಾಲು ಎದ್ದಿತು, ಅಬ್ಬಾ ಕೂಡ ಬೆಂಚಿನ ಅಂಚು ಹಿಡಿದುಕೊಂಡು ಎದ್ದು ನಿಂತರು.

ನಾನು ಏಳಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಬ್ಬಾ ನನ್ನ ಹೆಗಲ ಮೇಲೆ ಕೈ ಇಟ್ಟರು. ಎಬ್ಬಿಸಲಿಕ್ಕೆ ಎಂದುಕೊಂಡು ಮೈ ಬಿಗಿ ಮಾಡಿಕೊಂಡೆ. ಆ ಕೈ ಎಬ್ಬಿಸಲಿಲ್ಲ. ಎರಡು ನಿಮಿಷ ಮುಗಿಯುವ ತನಕ ಅಲ್ಲೇ ಇತ್ತು.